ಮೈಸೂರಲ್ಲಿ ಎರಡು ದಿನದ ಸಮ್ಮೇಳನ: ಪೋಸ್ಟರೂ ಆಗಬೇಕು, ಊರೂ ನೋಡಬೇಕು

ಬಿತ್ತನೆಬೀಜ

ಎಲ್ಲರಿಗೂ ನಮಸ್ಕಾರ್ರಿ. ಮಾನಸಗಂಗೋತ್ರಿಯಲ್ಲಿ, ಅಂದ್ರ ಮೈಸೂರು ವಿಶ್ವವಿದ್ಯಾಲಯದ ಆವರಣದಲ್ಲಿ, ಶನಿವಾರ, ಭಾನುವಾರ ಸಮ್ಮೇಳನ ಐತಿ. ನಾವಿಬ್ಬರು ಸಂಶೋಧಕಿಯರು ರಾಯಚೂರು ಕಡೆಯಿಂದ ಬೆಂಗಳೂರಿಗೆ ಬಂದು ಅಲ್ಲಿಂದ ಮೈಸೂರಿಗೆ ಬರೋರು. ಶನಿವಾರ ಬೆಳಿಗ್ಗೆ 8.30ಕ್ಕೆ ನೋಂದಣಿ, ಅವತ್ತೇ 12 ನಿಮಿಷ ಮಾತು, 3 ನಿಮಿಷ ಪ್ರಶ್ನೆ. ಭಾನುವಾರ 11.30ರಿಂದ 1ರ ತನಕ ಪೋಸ್ಟರ್. ವಿಷಯ ಬಿಳಿಜೋಳದ ಬೀಜ ಸಂಗ್ರಹಣೆ. ಸೋಮವಾರ ಸಂಜೆ ಬೆಂಗಳೂರು ಮುಟ್ಟಿದರೆ ಸಾಕು.

ಬೆಳಗಿನ ಶತಾಬ್ದಿ ಹಿಡಿದರೆ ನೋಂದಣಿಗೆ ಮುಟ್ಟಬಹುದಾ? ಪೋಸ್ಟರ್ ಯಾವ ಅಳತೆ, ಯಾವುದರ ಮೇಲೆ ಮುದ್ರಿಸಬೇಕು? ನಡುವೆ ಸಿಗೋ ಹೊತ್ತಿನಲ್ಲಿ ಏನು ನೋಡಬಹುದು? ಅರಮನೆ, ಜೂ, ಬೃಂದಾವನ ಅನ್ನೋ ಪಟ್ಟಿ ಬ್ಯಾಡ್ರಿ, ಅದು ಎಲ್ಲಾ ಕಡೆ ಸಿಗತೈತಿ. ವಿಜ್ಞಾನ ಓದಿದವರ ಕಣ್ಣಿಗೆ ಬೀಳುವಂಥದ್ದು ಏನೈತಿ ಅದನ್ನ ಹೇಳ್ರಿ.

ಗಂಗೋತ್ರಿ ಹಳಬ

ಶತಾಬ್ದಿ ಮರೆತುಬಿಡಿ ಮೇಡಂ. ಬೆಳಗಿನ ಶತಾಬ್ದಿಯೂ ವಂದೇ ಭಾರತೂ ಚೆನ್ನೈನಲ್ಲಿ ಹೊರಟು ಬರುವ ಗಾಡಿಗಳು. ಬೆಂಗಳೂರು ದಾಟಿ ಮೈಸೂರು ಮುಟ್ಟುವಾಗ ಮಧ್ಯಾಹ್ನ. ಊಟದ ಸಾಲಿಗೆ ಸರಿಹೋದೀತು, ನೋಂದಣಿಗಲ್ಲ.

ಶುಕ್ರವಾರ ರಾತ್ರಿಯೇ ಮೈಸೂರಲ್ಲಿ ಇರಿ. ಬೆಂಗಳೂರಿನಿಂದ ರೈಲಿನ ಹಾದಿ ಸುಮಾರು 139 ಕಿಲೋಮೀಟರ್, ಜೋಡಿ ಹಳಿ, ವಿದ್ಯುದೀಕರಣವೂ ಆಗಿದೆ. ಸಾಮಾನ್ಯ ಎಕ್ಸ್‌ಪ್ರೆಸ್ಸಿಗೆ ಎರಡೂವರೆಯಿಂದ ಮೂರು ಗಂಟೆ. ಗಾಡಿ ತಪ್ಪಿದರೆ ನೇರಳೆ ಮೆಟ್ರೊ ಹಿಡಿದು ದೀಪಾಂಜಲಿನಗರದಲ್ಲಿಳಿದು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಹೋಗಿ. ಅಲ್ಲಿ 'ತಡೆರಹಿತ' ಎಂದು ಬೋರ್ಡಿರುವ ಬಸ್ಸನ್ನೇ ಹತ್ತಬೇಕು. ಉಳಿದವು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಕ್ಕೂ ಎಕ್ಸ್‌ಪ್ರೆಸ್‌ವೇ ಬಿಟ್ಟು ಇಳಿದು ಹತ್ತುತ್ತವೆ, ಒಂದು ಗಂಟೆ ಹೆಚ್ಚು. ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇದ್ದರೆ ಸಾಮಾನ್ಯ ಸಾರಿಗೆಯಲ್ಲಿ ನಿಮಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್. ರಾಜಹಂಸ, ಐರಾವತಗಳಿಗೆ ಅದು ನಡೆಯುವುದಿಲ್ಲ.

ಕೋಣೆಯನ್ನು ರೈಲು ನಿಲ್ದಾಣದ ಎದುರು ಹಿಡಿಯಬೇಡಿ. ಸರಸ್ವತಿಪುರಂ ಅಥವಾ ಜಯಲಕ್ಷ್ಮೀಪುರಂ ಕಡೆ ಹಿಡಿದರೆ ಗಂಗೋತ್ರಿಗೆ ನಡೆದೇ ಹೋಗಬಹುದು. ಗೋಕುಲಂ ಕೂಡ ಹತ್ತಿರವೇ, ಆದರೆ ಯೋಗ ಕಲಿಯಲು ಬರುವ ವಿದೇಶಿಯರಿಂದ ಅಲ್ಲಿ ಬಾಡಿಗೆ ಏರಿದೆ. ದಸರಾ ಹತ್ತು ದಿನಗಳಲ್ಲಿ ಸಮ್ಮೇಳನ ಬಿದ್ದಿದ್ದರೆ ಇವತ್ತೇ ಕಾಯ್ದಿರಿಸಿ.

ಇನ್ನು ಊರು ನೋಡುವ ವಿಷಯ. ಮೈಸೂರಿನಲ್ಲಿ ಟಿಕೆಟ್ ಕೊಟ್ಟು ನೋಡುವಂಥವು ಹೆಚ್ಚೂಕಡಿಮೆ ಸಂಜೆ 5.30ಕ್ಕೆ ಬಾಗಿಲು ಹಾಕುತ್ತವೆ. ಸಮ್ಮೇಳನ ಬಿಡುವುದೂ ಅದೇ ಹೊತ್ತಿಗೆ. ಹಾಗಾಗಿ ಮಧ್ಯಾಹ್ನ ಒಂದು ಗೋಷ್ಠಿ ತಪ್ಪಿಸಿ ಓಡಿಹೋಗಿ ಬರುತ್ತೇನೆ ಅನ್ನುವವರಿಗೆ ಎರಡೂ ಕೈಗೆ ಹತ್ತುವುದಿಲ್ಲ. ನಿಮಗಿರುವುದು ಬೆಳಿಗ್ಗೆ 6ರಿಂದ 8.15, ಸಂಜೆ 6ರ ಮೇಲೆ, ಮತ್ತು ಇಡೀ ಸೋಮವಾರ. ಅದನ್ನು ಹಿಡಿದುಕೊಂಡು ಲೆಕ್ಕ ಹಾಕಿ.

ಅರ್ಕಾವತ್ತು

ಪೋಸ್ಟರ್ ಬಗ್ಗೆ ನಾನು ಹೇಳುತ್ತೇನೆ. ಮೊದಲು ಸಂಘಟಕರನ್ನು ಕೇಳಿ: ಬೋರ್ಡು ಎಷ್ಟಗಲ, ಎಷ್ಟೆತ್ತರ, ಮೇಲ್ಮೈ ಬಟ್ಟೆಯದೋ ಸನ್‌ಮೈಕಾವೋ? ಸುತ್ತೋಲೆಯಲ್ಲಿ ಬರೀ 'ಎ0' ಎಂದಿರುತ್ತದೆ, ನಿಲುವೋ ಅಡ್ಡವೋ ಇರುವುದಿಲ್ಲ. ಎ0 ಎಂದರೆ 841 × 1189 ಮಿಲಿಮೀಟರ್, ಇಂಚಿನಲ್ಲಿ 33.1 × 46.8. ಬಾಡಿಗೆ ಬೋರ್ಡು 3 ಅಡಿ ಅಗಲ, 4 ಅಡಿ ಎತ್ತರ ಇದ್ದರೆ ನಿಲುವು ಪೋಸ್ಟರ್ ಸರಿಯಾಗಿ ಕೂರುತ್ತದೆ. ಅದೇ ಬೋರ್ಡನ್ನು ಅಡ್ಡ ನಿಲ್ಲಿಸಿದ್ದರೆ ಸುಮಾರು ಹನ್ನೊಂದು ಇಂಚು ಕೆಳಗೆ ಜೋತಾಡುತ್ತದೆ, ಫಲಿತಾಂಶದ ಭಾಗವೇ ಮೇಜಿನ ಹಿಂದೆ.

ಫ್ಲೆಕ್ಸ್ ಅಂಗಡಿಯವರ ಲೆಕ್ಕ ಅಡಿಯಲ್ಲಿ. ಎ0 ಕಡತ ಕೊಟ್ಟರೆ 'ಮೂರು ನಾಲ್ಕು ಮಾಡ್ಬಿಡ್ತೀನಿ' ಅಂತ 36 × 48ಕ್ಕೆ ಎಳೆದು ತುಂಬಿಸುತ್ತಾರೆ. ಎ0 ಉದ್ದಗಲದ ಅನುಪಾತ 1.41, ಅವರದು 1.33. ಅಗಲ ಸುಮಾರು ಶೇ 9 ಹಿಗ್ಗುತ್ತದೆ, ಎತ್ತರ ಶೇ 3 ಕೂಡ ಇಲ್ಲ. ಗೋಳ ಮೊಟ್ಟೆಯಾಗುತ್ತದೆ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಬೀಜದ ಆಕಾರವೇ ಕೆಡುತ್ತದೆ, ಅಡ್ಡಲಾಗಿ ಹಾಕಿದ ಅಳತೆಪಟ್ಟಿ ನೆಟ್ಟಗಿನ ಅಳತೆಗೆ ಹೊಂದುವುದಿಲ್ಲ. 'ಎಳೀಬೇಡಿ, ಇದ್ದ ಅಳತೆಗೇ ಹಾಕಿ, ಮಿಕ್ಕಿದ್ದು ಬಿಳಿ ಬಿಡಿ' ಎಂದು ಬಾಯಿಬಿಟ್ಟು ಹೇಳಬೇಕು.

ಕಡತ ಮಾಡುವಾಗ ಮೊದಲ ಕೆಲಸವೇ ಪುಟದ ಅಳತೆ: ಪವರ್‌ಪಾಯಿಂಟ್‌ನಲ್ಲಿ 84.1 × 118.9 ಸೆಂಟಿಮೀಟರ್. ಸಣ್ಣ ಪುಟದಲ್ಲಿ ಮಾಡಿ ಕೊನೆಗೆ ಹಿಗ್ಗಿಸಿದರೆ ಗೆರೆಗಳ ದಪ್ಪ, ಅಕ್ಷರದ ಅಂತರ ಎಲ್ಲಾ ಹೋಗುತ್ತವೆ. ಶೀರ್ಷಿಕೆ 85ರಿಂದ 100 ಪಾಯಿಂಟ್, ಒಳಪಠ್ಯ 28ಕ್ಕಿಂತ ಕೆಳಗೆ ಬೇಡ, ನಕ್ಷೆಯ ಅಕ್ಷಕ್ಕೆ 24. ಚಿತ್ರಗಳಿಗೆ ಇಂಚಿಗೆ 150 ಚುಕ್ಕೆ ಸಾಕು. ವೆಬ್‌ನಿಂದ ಇಳಿಸಿದ 600 ಪಿಕ್ಸೆಲ್ ನಕ್ಷೆಯನ್ನು 25 ಸೆಂಟಿಮೀಟರ್ ಅಗಲಕ್ಕೆ ಎಳೆದರೆ ಇಂಚಿಗೆ 61 ಚುಕ್ಕೆ ಉಳಿಯುತ್ತದೆ, ಮಂಜು ಮುಸುಕಿದ ಹಾಗೆ ಕಾಣುತ್ತದೆ. ನಕ್ಷೆಯನ್ನು ಮೂಲ ತಂತ್ರಾಂಶದಿಂದಲೇ ಮತ್ತೆ ತೆಗೆಯಿರಿ. ಕೆಂಪು–ಹಸಿರು ಜೋಡಿ ಬಿಟ್ಟು ನೀಲಿ–ಕಿತ್ತಳೆ ಬಳಸಿ. ಬಣ್ಣ ಗುರುತಿಸಲು ಕಷ್ಟಪಡುವವರು ಪ್ರತಿ ಸಭೆಯಲ್ಲೂ ಒಬ್ಬಿಬ್ಬರು ಇರುತ್ತಾರೆ.

ಕನ್ನಡದಲ್ಲಿ ಒಂದು ಸಾಲಾದರೂ ಇದ್ದರೆ ಇನ್ನೊಂದು ಎಚ್ಚರಿಕೆ. ಹಳೆಯ ನುಡಿ, ಬರಹ ಅಕ್ಷರವಿನ್ಯಾಸದಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಯುನಿಕೋಡ್ ಬಳಸಿ, ಫಾಂಟ್ ಒಳಸೇರಿಸಿ ಪಿಡಿಎಫ್ ಮಾಡಿ. ಅಂಗಡಿಯವರು ಹಳೆಯ ಕೋರಲ್‌ಡ್ರಾಗೆ ನಕಲು ಮಾಡಿದರೆ ಒತ್ತಕ್ಷರ ಒಡೆಯುತ್ತದೆ. ಅರ್ಕಾವತ್ತು ಮೊದಲು ಹೋಗುತ್ತದೆ, ಆಮೇಲೆ ಎರಡು ಒತ್ತು ಇರುವ ಕಡೆ ಒಂದು ಮಾಯ. ಮುದ್ರಣಕ್ಕೆ ಬಿಡುವ ಮುಂಚೆ ಅವರ ಪರದೆಯಲ್ಲೇ 'ವರ್ಷ', 'ಸಾಮರ್ಥ್ಯ', 'ಆರ್ದ್ರತೆ' ಇಂಥ ಪದ ಹುಡುಕಿ ನೋಡಿ. ಬೀಜ ಸಂಗ್ರಹಣೆ ಅಂದಮೇಲೆ ಆರ್ದ್ರತೆ ಹತ್ತು ಸಲವಾದರೂ ಬಂದಿರುತ್ತದೆ.

ಬಿತ್ತನೆಬೀಜ

ಆರ್ದ್ರತೆ ಹದಿನಾಲ್ಕು ಸಲ ಐತ್ರಿ ಸರ್, ಎಣಿಸಿದೆ. ಫ್ಲೆಕ್ಸ್ ಅಗ್ಗ, ಅದನ್ನೇ ಮಾಡಿಸಲಾ? ಅಥವಾ ಮೈಸೂರಿಗೆ ಬಂದಮೇಲೆ ಮುದ್ರಿಸಲಾ?

ಅರ್ಕಾವತ್ತು

ಬರುವ ಮುಂಚೆಯೇ ಮುದ್ರಿಸಿ. ಶನಿವಾರ ಸಂಜೆ ಅಂಗಡಿ ಸಿಕ್ಕರೂ ಭಾನುವಾರ ಬೆಳಿಗ್ಗೆ ತಿದ್ದುವವರು ಸಿಗುವುದಿಲ್ಲ. ಪಿಡಿಎಫ್ ಮಾತ್ರ ಫೋನಿನಲ್ಲೂ ಮೇಲ್‌ನಲ್ಲೂ ಇರಲಿ.

ಫ್ಲೆಕ್ಸ್ ಮಡಚಿದರೆ ಮಡಿಕೆಯ ಗೆರೆ ಹೋಗುವುದಿಲ್ಲ, ಟ್ಯೂಬ್‌ಲೈಟ್ ಬೆಳಕಿಗೆ ಹೊಳೆಯುತ್ತದೆ, ಸಣ್ಣ ಅಕ್ಷರ ಒಸರುತ್ತದೆ. ಮ್ಯಾಟ್ ಕಾಗದ ಚೆನ್ನಾಗಿ ಕಾಣುತ್ತದೆ, ಆದರೆ ಸುಮಾರು 90 ಸೆಂಟಿಮೀಟರ್ ಕೊಳವೆ ಹೊರಬೇಕು, ಬಸ್ಸಿನ ಮೇಲುಗಡೆಯ ಅಟ್ಟದಲ್ಲಿ ನಿಲ್ಲುವುದಿಲ್ಲ. ಬಟ್ಟೆಯ ಮೇಲೆ ಮುದ್ರಿಸಿದರೆ ಸೀರೆಯ ಹಾಗೆ ಮಡಚಿ ಚೀಲದಲ್ಲಿ ಇಡಬಹುದು, ರಾತ್ರಿ ಹಿಮ್ಮುಖವಾಗಿ ಹದವಾದ ಇಸ್ತ್ರಿ ಹಾಕಿದರೆ ನೆಟ್ಟಗೆ. ರಾಯಚೂರಿನಿಂದ ಎರಡು ಗಾಡಿ ಬದಲಿಸಿ ಬರುವವರಿಗೆ ನನ್ನ ಮತ ಬಟ್ಟೆಗೇ. ಕಾಗದವೇ ಆದರೆ ಮುದ್ರಣ ಹೊರಮುಖವಾಗಿ ಸುತ್ತಿ. ಆಗ ತೂಗುಹಾಕಿದಾಗ ಅಂಚು ಬೋರ್ಡಿನ ಕಡೆಗೇ ಬಾಗಿ ಅಂಟಿಕೊಳ್ಳುತ್ತದೆ. ಒಳಮುಖ ಸುತ್ತಿದ್ದು ಊಟದ ಹೊತ್ತಿಗೆ ಮತ್ತೆ ಸುರುಳಿ.

ಚೀಲದಲ್ಲಿ ಇರಬೇಕಾದ್ದು: ಎಂಟು ಗುಂಡುಪಿನ್ನು, ಎರಡು ಮುಖದ ಫೋಮ್ ಟೇಪು, ಕಾಗದದ ಟೇಪು, ಸಣ್ಣ ಕತ್ತರಿ. ಸನ್‌ಮೈಕಾಗೆ ಪಿನ್ನು ಇಳಿಯುವುದಿಲ್ಲ, ಬಟ್ಟೆ ಬೋರ್ಡಿಗೆ ಟೇಪು ಹಿಡಿಯುವುದಿಲ್ಲ, ಅದಕ್ಕೇ ಎರಡೂ. ಕ್ಯೂಆರ್ ಹಾಕುವುದಾದರೆ 4 ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಕಣ್ಣಿನ ಎತ್ತರಕ್ಕೆ ಇರಲಿ. ಕಾಲಬುಡದಲ್ಲಿ ಹಾಕಿದರೆ ಬಗ್ಗಿ ಫೋನ್ ಹಿಡಿಯುವವರು ಯಾರೂ ಇಲ್ಲ. ಎ4ನಲ್ಲಿ ಇಪ್ಪತ್ತು ಪ್ರತಿ ಇಟ್ಟುಕೊಳ್ಳಿ.

ಗಂಗೋತ್ರಿ ಹಳಬ

ಶನಿವಾರದ ಮಾತಿನ ಬಗ್ಗೆ ಸೇರಿಸುತ್ತೇನೆ. 12 ನಿಮಿಷಕ್ಕೆ 10–11 ಸ್ಲೈಡ್. ಗಂಟೆ ಬಾರಿಸುವುದು ಸಾಮಾನ್ಯವಾಗಿ 10ನೇ ನಿಮಿಷಕ್ಕೆ ಒಮ್ಮೆ, 12ಕ್ಕೆ ಇನ್ನೊಮ್ಮೆ. ಮೊದಲ ಗಂಟೆಗೆ ನೀವು ತೀರ್ಮಾನದ ಸ್ಲೈಡಿನಲ್ಲಿ ಇರಬೇಕು. ಬಹುಪಾಲು ಜನ ಎಡವುವುದು ಪೀಠಿಕೆಯಲ್ಲಿ: ಜೋಳದ ವೈಜ್ಞಾನಿಕ ಹೆಸರು, ವಿಸ್ತೀರ್ಣ, ಇಳುವರಿ ಅಂತ ನಾಲ್ಕು ನಿಮಿಷ ತೆಗೆದುಕೊಂಡು ತೇವಾಂಶ–ಮೊಳಕೆ ನಕ್ಷೆಗೆ ಬರುವಷ್ಟರಲ್ಲಿ ಗಂಟೆ. ಅಲ್ಲಿ ಕೂತವರಿಗೆ ಜೋಳ ಗೊತ್ತು.

ಕಡತವನ್ನು ಗೋಷ್ಠಿ ಶುರುವಾಗುವ ಮುಂಚೆ, ಸಭಾಂಗಣದ ಗಣಕದಲ್ಲೇ ತೆರೆದು ಕೊನೆಯ ಸ್ಲೈಡಿನವರೆಗೆ ಓಡಿಸಿ. ಕನ್ನಡ ಅಕ್ಷರ, ಬೀಟಾ ಚಿಹ್ನೆ, ವಿಡಿಯೊ, ಕೈಕೊಡುವುದು ಈ ಮೂರೇ. ವಿಡಿಯೊ ಬೇರೆ ಕಡತವಾಗಿಯೂ ಇರಲಿ, ಸ್ಲೈಡುಗಳ ಪಿಡಿಎಫ್ ಪ್ರತಿಯೂ ಇರಲಿ. ಸಮ್ಮೇಳನದ ಗಣಕಕ್ಕೆ ನೂರು ಪೆನ್‌ಡ್ರೈವ್ ಹಾಕಿರುತ್ತಾರೆ, ಆದ್ದರಿಂದ ಅದೊಂದೇ ಕಡತ ಇರುವ ಪೆನ್‌ಡ್ರೈವ್ ಕೊಡಿ, ವಾಪಸ್ ಬಂದಮೇಲೆ ನಿಮ್ಮ ಲ್ಯಾಪ್‌ಟಾಪಿಗೆ ಚುಚ್ಚದೆ ಫಾರ್ಮ್ಯಾಟ್ ಮಾಡಿಸಿ. ಪರದೆ ಎಲ್‌ಇಡಿ ಫಲಕವಾದರೆ ಲೇಸರ್ ಚುಕ್ಕೆ ಕಾಣುವುದಿಲ್ಲ. ಆನ್‌ಲೈನ್‌ನಲ್ಲಿ ನೋಡುವವರಿಗಂತೂ ಯಾವ ಪರದೆಯಾದರೂ ಕಾಣುವುದಿಲ್ಲ. ಮೌಸ್‌ನ ಬಾಣವನ್ನೇ ಬಳಸಿ.

ನೈಸ್‌ಕಲ್ಲು

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತಿ. ಬಸ್ಸಲ್ಲಲ್ಲ, ಪಾದದಿಂದ ಮೆಟ್ಟಿಲಲ್ಲಿ. ಸಾವಿರ ಮೆಟ್ಟಿಲು, ಮೊದಲ ಮುನ್ನೂರು ಕಡಿದು. ಆಮೇಲೆ ಉಸಿರು ಹದಕ್ಕೆ ಬರುತ್ತದೆ. ಸುಮಾರು ಏಳುನೂರಕ್ಕೆ ನಂದಿ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ್ದು, ಒಂದೇ ಬಂಡೆ, 16 ಅಡಿ ಎತ್ತರ. ಕಲ್ಲನ್ನು ಎಲ್ಲಿಂದಲೋ ತಂದದ್ದಲ್ಲ, ಅಲ್ಲೇ ಇದ್ದ ಬಂಡೆಯನ್ನೇ ಕಡೆದದ್ದು. ಎಣ್ಣೆ, ಮಸಿಯಿಂದ ಕಪ್ಪಾಗಿ ಕಾಣುತ್ತದೆ, ಒಳಗೆ ಬೆಟ್ಟದ್ದೇ ಗ್ರಾನೈಟ್.

ಹತ್ತುವಾಗ ಪಕ್ಕದ ಬಂಡೆಗಳನ್ನು ನೋಡಿ. ಊರಿನ ಸುತ್ತ ತಳದಲ್ಲಿರುವುದು ಪಟ್ಟೆಪಟ್ಟೆಯ ನೈಸ್ ಎಂಬ ಶಿಲೆ, ಸುಮಾರು 300 ಕೋಟಿ ವರ್ಷ ಹಳೆಯದು. ಬೆಟ್ಟದ್ದು ಅದರೊಳಗೆ ನುಗ್ಗಿ ಬಂದ ಗುಲಾಬಿ ಛಾಯೆಯ ಗ್ರಾನೈಟ್, ಅದಕ್ಕಿಂತ ತುಂಬಾ ಕಿರಿಯದು. ಪಟ್ಟೆ ಇಲ್ಲ, ದೊಡ್ಡ ಫೆಲ್‌ಸ್ಪಾರ್ ಹರಳುಗಳು ಬರಿಗಣ್ಣಿಗೆ ಕಾಣುತ್ತವೆ. ಸುತ್ತಲಿನ ಕಲ್ಲು ಸವೆದು ಇದು ಉಳಿದದ್ದರಿಂದಲೇ ಬಯಲಿನ ನಡುವೆ ಒಂಟಿ ಬೆಟ್ಟ. ಅರಮನೆಯ ಪಟ್ಟಿ ಬೇಡ ಅಂದಿರಲ್ಲ, ಇದು ಅದಕ್ಕಿಂತ ಹಳೆಯದು.

ಹತ್ತಲು 40 ನಿಮಿಷ. ಇಳಿಯಲು ಮೆಟ್ಟಿಲು ಬೇಡ, ಮೇಲಿನಿಂದ 201ನೇ ನಂಬರಿನ ಬಸ್ ನಗರ ಬಸ್ ನಿಲ್ದಾಣಕ್ಕೆ ಬರುತ್ತದೆ.

ಕುಕ್ಕರಹಳ್ಳಿ ಕೊಕ್ಕರೆ

ನೈಸ್‌ಕಲ್ಲು ಸರ್, ಬೆಟ್ಟ ಸರಿ, ದಿನ ಸರಿಯಿಲ್ಲ. ಭಾನುವಾರ ಬೆಳಿಗ್ಗೆ ಅರ್ಧ ಮೈಸೂರು ಆ ಮೆಟ್ಟಿಲ ಮೇಲೆ ಇರುತ್ತದೆ, ಮೇಲೆ ದರ್ಶನದ ಸಾಲು, ಬಸ್ಸು ತುಂಬಿ ತುಳುಕಿರುತ್ತದೆ. 11.30ಕ್ಕೆ ಪೋಸ್ಟರಿನ ಮುಂದೆ ಒಂದೂವರೆ ಗಂಟೆ ನಿಂತು ಮಾತಾಡಬೇಕಾದವರಿಗೆ ಮೀನಖಂಡ ನೋಯಿಸಿಕೊಂಡು ಬರಲು ಹೇಳುತ್ತಿದ್ದೀರಿ. ಅದು ಸೋಮವಾರಕ್ಕಿರಲಿ.

ಶನಿವಾರ, ಭಾನುವಾರ ಎರಡೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗಿ. ಗಂಗೋತ್ರಿಗೆ ಅಂಟಿಕೊಂಡೇ ಇದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಮುಂಜಾನೆ ಗೇಟು ತೆಗೆದಿರುತ್ತದೆ, ಬಿಸಿಲೇರಿದ ಮೇಲೆ ಹಾಕಿ ಸಂಜೆ ಮತ್ತೆ ತೆಗೆಯುತ್ತಾರೆ. ಏರಿಯ ಮೇಲೆ ನಿಂತರೆ ಸೂರ್ಯ ಬೆನ್ನಿಗೆ ಬರುವ ಕಡೆ ಆರಿಸಿಕೊಳ್ಳಿ, ಇಲ್ಲವಾದರೆ ಹಕ್ಕಿಗಳೆಲ್ಲಾ ಬರೀ ಕಪ್ಪು ನೆರಳು. ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ, ಬಣ್ಣದ ಕೊಕ್ಕರೆ ಕಾಣಸಿಗುತ್ತವೆ. ದುರ್ಬೀನು 8×42 ಇದ್ದರೆ ಸಾಕು. ಪೂರ್ತಿ ಸುತ್ತು ಹಾಕಲು ಒಂದು ಗಂಟೆ, ಅರ್ಧಕ್ಕೆ ತಿರುಗಿದರೆ ತಿಂಡಿಗೂ ಹೊತ್ತು ಉಳಿಯುತ್ತದೆ. 'ಮಾನಸಗಂಗೋತ್ರಿ' ಅಂತ ಹೆಸರಿಟ್ಟ ಕುವೆಂಪು ಅವರ ವಾಯುವಿಹಾರದ ದಾರಿ ಇದೇ.

ನೈಸ್‌ಕಲ್ಲು

ಒಪ್ಪಿದೆ, ಸೋಮವಾರ. ಆದರೆ ಬಿಸಿಲೇರುವ ಮುಂಚೆ, 6ಕ್ಕೆ ಪಾದದಲ್ಲಿ ಇರಬೇಕು. ಮಳೆ ಬಿದ್ದ ಮಾರನೆ ದಿನ ಮೆಟ್ಟಿಲು ಜಾರುತ್ತದೆ. ಅರಿಶಿನ, ಕುಂಕುಮ ಹಚ್ಚಿದ ಮೆಟ್ಟಿಲು ಇನ್ನೂ ಹೆಚ್ಚು.

ಒಂದೆಳೆ ಪಾಕ

ವಿಜ್ಞಾನದ ಮೈಸೂರು ಅಂದಮೇಲೆ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಬಿಟ್ಟರೆ ಹೇಗೆ? ಚೆಲುವಾಂಬ ಮ್ಯಾನ್ಷನ್ ಎಂಬ ರಾಜಕುಮಾರಿಯ ಅರಮನೆಯಲ್ಲಿ 1950ರಲ್ಲಿ ಶುರುವಾದದ್ದು, ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡುವ ವಿಧಾನ ಇಲ್ಲಿಯದು. ಎಮ್ಮೆ ಹಾಲಿನಲ್ಲಿ ಕೊಬ್ಬೂ ಕೇಸಿನೂ ಹೆಚ್ಚು, ಹಾಗೇ ಕೊಟ್ಟರೆ ಹಸುಗೂಸಿನ ಹೊಟ್ಟೆಯಲ್ಲಿ ಗಟ್ಟಿ ಮೊಸರಾಗುತ್ತದೆ, ಅದನ್ನು ಬಗೆಹರಿಸಿದ್ದು ಇಲ್ಲಿಯ ವಿಜ್ಞಾನಿಗಳು. ಧಾನ್ಯ ಸಂಗ್ರಹಣೆ, ಕೀಟ, ಹೊಗೆಯಾಡಿಸುವಿಕೆಗೆ ಅಲ್ಲಿ ಪ್ರತ್ಯೇಕ ವಿಭಾಗವೇ ಇದೆ, ಅಂದರೆ ನಿಮ್ಮ ವಿಷಯವೇ. ಸುಮ್ಮನೆ ಗೇಟಿಗೆ ಹೋದರೆ ಒಳಗೆ ಬಿಡುವುದಿಲ್ಲ. ವಾರ ಮುಂಚೆ ಆ ವಿಭಾಗಕ್ಕೆ ಮಾರ್ಗದರ್ಶಕರ ಮೂಲಕ ಮೇಲ್ ಬರೆದು ಸೋಮವಾರ ಅರ್ಧ ಗಂಟೆ ಕೇಳಿಕೊಳ್ಳಿ, ಭಾವಚಿತ್ರದ ಗುರುತಿನ ಚೀಟಿ ಒಯ್ಯಿರಿ.

ರಸಾಯನಶಾಸ್ತ್ರದ ಗೆಳತಿ ಜೊತೆಗಿದ್ದರೆ ಇದನ್ನೂ ಹೇಳಿ: ಮತದಾನದಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯಲ್ಲಿ. ನಾಲ್ವಡಿಯವರು 1937ರಲ್ಲಿ ಸ್ಥಾಪಿಸಿದ್ದು, 1962ರ ಚುನಾವಣೆಯಿಂದ ಶಾಯಿ ಕೊಡುತ್ತಿದೆ. ಒಳಗಿರುವುದು ಸಿಲ್ವರ್ ನೈಟ್ರೇಟ್. ಬೆವರಿನ ಉಪ್ಪಿನೊಡನೆ ಕೂಡಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕಿಗೆ ಕಪ್ಪಾಗುತ್ತದೆ, ಚರ್ಮದ ಹೊರಪದರ ಉದುರಿ ಉಗುರು ಬೆಳೆಯುವವರೆಗೆ ಹೋಗದು. ಕಾರ್ಖಾನೆ ನೋಡಲು ಬಿಡುವ ಜಾಗವಲ್ಲ.

ತಿನ್ನುವುದು. ತಿಂಡಿಗೆ ನಜರಬಾದಿನ ಮೈಲಾರಿ ದೋಸೆ: ಒಳಗೆ ಆಲೂಗಡ್ಡೆ ಇಲ್ಲ, ಸಾಗು, ಮೇಲೆ ಬೆಣ್ಣೆ, ಮೆತ್ತಗೆ. 'ಮೈಸೂರು ಮಸಾಲೆ' ಅಂತ ಬೇರೆ ಊರಲ್ಲಿ ಕೊಡುವ ಕೆಂಪು ಚಟ್ನಿಯ ದೋಸೆ ಹುಡುಕಿಕೊಂಡು ಹೋಗಬೇಡಿ. ಸಮ್ಮೇಳನದ ದಿನ ನಜರಬಾದು ದೂರ, ಸೋಮವಾರ ಬೆಟ್ಟ ಇಳಿದು ಬರುವಾಗ ದಾರಿಯಲ್ಲೇ.

ಮೈಸೂರು ಪಾಕ್ ಒಯ್ಯುವುದಾದರೆ ಗಟ್ಟಿಯದನ್ನು ಒಯ್ಯಿರಿ. ತುಪ್ಪ ಜಿನುಗುವ ಮೆತ್ತನೆಯದು ರಾಯಚೂರಿನ ಸೆಕೆಗೆ ಡಬ್ಬಿಯಲ್ಲೇ ಉಂಡೆಯಾಗುತ್ತದೆ. ಗಟ್ಟಿಯದರ ಗುಟ್ಟು ಹೆಸರಿನಲ್ಲೇ ಇದೆ: ಸಕ್ಕರೆ ಒಂದೆಳೆ ಪಾಕಕ್ಕೆ ಬಂದಾಗ ಕಡಲೆಹಿಟ್ಟು ಬೀಳಬೇಕು, ಆಮೇಲೆ ಚೆನ್ನಾಗಿ ಕಾದ ತುಪ್ಪ ಸ್ವಲ್ಪ ಸ್ವಲ್ಪವೇ. ಕಾದ ತುಪ್ಪ ತಾಗಿದಾಗ ಪಾಕದ ನೀರು ಆವಿಯಾಗಿ ನೊರೆಯೇಳುತ್ತದೆ, ಆ ಗುಳ್ಳೆಗಳೇ ಜೇನುಗೂಡಿನ ತೂತು. ತಟ್ಟೆಗೆ ಸುರಿದ ಮೇಲೆ ನಡುಭಾಗ ತಡವಾಗಿ ಆರುವುದರಿಂದ ಅಲ್ಲಿ ಕೆಂಪಗೆ ಬೇಯುತ್ತದೆ. ಕತ್ತರಿಸಿದ ತುಂಡಿನಲ್ಲಿ ಅಂಚು ಹಳದಿ, ನಡುವೆ ಕೆಂಪು ಪಟ್ಟೆ ಕಂಡರೆ ಅದು ಸರಿಯಾದದ್ದು. ಒಂದೇ ಬಣ್ಣ ಇದ್ದರೆ ಬಿಟ್ಟುಬಿಡಿ.

ಓಲೆಗರಿ

ಸೋಮವಾರಕ್ಕೆ ನನ್ನದೊಂದು ಸೇರಿಸಿ: ಕ್ರಾಫರ್ಡ್ ಭವನದ ಹತ್ತಿರದ ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಶುರುವಾದದ್ದು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ಓಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ಇಲ್ಲಿಯ ಆರ್. ಶಾಮಾಶಾಸ್ತ್ರಿ, 1905ರಲ್ಲಿ. 1909ರಲ್ಲಿ ಸಂಸ್ಕೃತ ಪಾಠ ಅಚ್ಚಾಯಿತು. ಅದರಲ್ಲಿ ಬೇಸಾಯ ನೋಡಿಕೊಳ್ಳುವ ಸೀತಾಧ್ಯಕ್ಷ ಎಂಬ ಅಧಿಕಾರಿಯ ಅಧ್ಯಾಯವಿದೆ: ಬೀಜ ಕೂಡಿಡುವುದು, ಬಿತ್ತುವ ಮುಂಚೆ ಇಬ್ಬನಿ ಮತ್ತು ಬಿಸಿಲಿಗೆ ಒಡ್ಡುವುದು ಎಲ್ಲಾ ಬರುತ್ತದೆ. ಬಿಳಿಜೋಳದ ಬೀಜದ ಮೇಲೆ ಕೆಲಸ ಮಾಡುವವರು ಅದನ್ನು ಗುರುತಿಸಿದ ಮನೆಯ ಮುಂದೆ ಹಾಯ್ದು ಹೋಗುವುದು ಸರಿಯಲ್ಲ.

ಹಸ್ತಪ್ರತಿ ನೋಡಲು ಸಂಸ್ಥೆಯ ಪತ್ರ ಬೇಕು, ಕಟ್ಟಡ ನೋಡಲು ಕಚೇರಿ ವೇಳೆ ಸಾಕು. ಶನಿವಾರ, ಭಾನುವಾರ ಲೆಕ್ಕಕ್ಕಿಟ್ಟುಕೊಳ್ಳಬೇಡಿ. ಓಲೆಗರಿ ರಕ್ಷಣೆ ಹೇಗೆಂದು ಕೇಳಿ ನೋಡಿ: ಒಣಗಿದ ಗರಿ ಮುರಿಯುತ್ತದೆ, ತೇವ ಹೆಚ್ಚಾದರೆ ಬೂಷ್ಟು, ಎರಡರ ನಡುವೆ ಕೀಟ. ಮಜ್ಜಿಗೆಹುಲ್ಲಿನ ಎಣ್ಣೆ ಸವರಿದರೆ ಗರಿ ಮೆತ್ತಗಾಗುತ್ತದೆ, ಹುಳುವೂ ದೂರ. ನಿಮ್ಮ ಬೀಜದ ಉಗ್ರಾಣದ ಸಮಸ್ಯೆಯೇ, ಬೇರೆ ವಸ್ತು ಅಷ್ಟೆ.

ಗಂಗೋತ್ರಿ ಹಳಬ

ಸೋಮವಾರದ ಇನ್ನೊಂದು ತೊಡಕು: ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಮೃಗಾಲಯಕ್ಕೆ ಮಂಗಳವಾರ. ಭಾನುವಾರ ಸಂಜೆಗೆ ಮಾತ್ರ ಪಟ್ಟಿಯ ಅರಮನೆಯನ್ನು ಬಿಡಬೇಡಿ ಮೇಡಂ. ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಸಂಜೆ 7ಕ್ಕೆ ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹೊತ್ತುತ್ತವೆ, ಮುಕ್ಕಾಲು ಗಂಟೆ ಇರುತ್ತದೆ, ಅಂಗಳಕ್ಕೆ ಟಿಕೆಟ್ ಇಲ್ಲ. 6.45ಕ್ಕೆ ಒಳಗೆ ಇದ್ದರೆ ಕತ್ತಲೆಯಿಂದ ಬೆಳಕಿಗೆ ತಿರುಗುವ ಆ ಒಂದು ಕ್ಷಣ ಸಿಗುತ್ತದೆ. ತಡವಾಗಿ ಹೋದವರಿಗೆ ಸಿಗುವುದು ಬರೀ ದೀಪ. ಅದಕ್ಕೆ ಮುಂಚೆ ದೇವರಾಜ ಮಾರುಕಟ್ಟೆಯಲ್ಲಿ ಒಂದು ಸುತ್ತು: ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೂರಕ್ಕೂ ಭೌಗೋಳಿಕ ಗುರುತು (ಜಿಐ ಟ್ಯಾಗ್) ಇದೆ. ರಸಬಾಳೆ ಸೊರಗುರೋಗಕ್ಕೆ ಸಿಕ್ಕಿ ವಿರಳವಾಗಿದೆ, 'ರಸಬಾಳೆ' ಎಂದು ಕೊಟ್ಟದ್ದೆಲ್ಲಾ ಅದಲ್ಲ.

ಆಲೆಮನೆ

ಅಲ್ಲಾ ಕಣಕ್ಕ, ಎಲ್ರೂ ಮೈಸೂರ್ ಮೈಸೂರ್ ಅಂತವ್ರೆ. ಬೀಜದ್ ಕೆಲ್ಸ ಮಾಡೋರು ಮಂಡ್ಯ ವಿ.ಸಿ. ಫಾರಂ ನೋಡ್ದೆ ಹೋದ್ರೆ ಏನ್ ಚೆಂದ? ಕನ್ನಂಬಾಡಿ ಕಟ್ಟಿದ್ ಮ್ಯಾಲೆ ನಾಲೆ ನೀರು ಬಂತಲ್ಲ, ಆ ನೀರಿಗೆ ಏನ್ ಬೆಳೀಬೇಕು ಅಂತ ನೋಡಕ್ ಮಾಡಿದ್ ಫಾರಂ ಅದು. ಆ ನಾಲೆಗೆ ಮೊದ್ಲು ಇರ್ವಿನ್ ನಾಲೆ ಅಂತಿದ್ರು, ಆಮೇಲೆ ವಿಶ್ವೇಶ್ವರಯ್ಯ ನಾಲೆ ಆಯ್ತು, ವಿ.ಸಿ. ಅಂದ್ರೆ ಅದೇ. ರಾಗಿ ಲಕ್ಷ್ಮಣಯ್ಯನವ್ರು ನಮ್ ರಾಗಿನೂ ಆಫ್ರಿಕದ್ ರಾಗಿನೂ ಕೂಡ್ಸಿ ಇಂಡಾಫ್ ತಳಿ ತೆಗೆದಿದ್ದು ಇಲ್ಲೆ. ಇಂಡಿಯಾದ್ ಇಂಡ್, ಆಫ್ರಿಕದ್ ಆಫ್, ಅಷ್ಟೆ ಹೆಸ್ರು. ರಾಗಿ ಹೂವು ಎಷ್ಟ್ ಸಣ್ದು ಅಂತ ನಿಮ್ಗೇ ಗೊತ್ತು, ತನ್ನಷ್ಟಕ್ಕೆ ತಾನೇ ಪರಾಗ ಕಟ್ಕೊಳ್ಳೋ ಬೆಳೆಲಿ ಸಂಕರ ಮಾಡೋದು ಹುಡ್ಗಾಟ ಅಲ್ಲ.

ಸೋಮವಾರ ಬೆಂಗ್ಳೂರಿಗೆ ಹೋಗೋ ದಾರಿಲೇ ಐತೆ. ಮೊದ್ಲೇ ಪತ್ರ ಬರ್ದು ಹೋಗಿ. ಅದಾಗ್ಲಿಲ್ಲ ಅಂದ್ರೆ ಶ್ರೀರಂಗಪಟ್ಣದಲ್ಲಿ ಇಳೀರಿ. ಮೈಸೂರಿಂದ ರೈಲಲ್ಲಿ ಕಾಲು ಗಂಟೆ ಚಿಲ್ರೆ. ರೈಲ್ ಹಳಿ ಪಕ್ಕ ಟಿಪ್ಪುವಿನ್ ಮದ್ದಿನಮನೆ ಒಂದೈತೆ, ಜೋಡಿ ಹಳಿ ಹಾಕಕ್ಕೆ ಅಡ್ಡ ಆಯ್ತು ಅಂತ 2017ರಲ್ಲಿ ಇಡೀ ಕಟ್ಟಡನೇ ಬುಡ ಸಮೇತ ಎತ್ತಿ ಸುಮಾರು 130 ಮೀಟರ್ ಅತ್ಲಾಗೆ ಸರ್ಸವ್ರೆ. ಗಾರೆ, ಇಟ್ಟಿಗೆ ಕಟ್ಟಡ ಬಿರುಕು ಬಿಡ್ದಂಗೆ ಸರ್ಸೋದು ಅಂದ್ರೆ ಸುಮ್ನೆ ಅಲ್ಲ. ಟಿಪ್ಪು ರಾಕೆಟ್‌ದೂ ಅದೇ ಕತೆ: ಬೇರೆ ಕಡೆ ಕಾಗ್ದ, ಬಿದ್ರು ಕೊಳವೆ, ಇಲ್ಲಿ ಬಡಿದ್ ಕಬ್ಣದ್ ಕೊಳವೆ. ಕಬ್ಣ ಹೆಚ್ಚು ಒತ್ತಡ ತಡೀತದೆ, ಅದ್ಕೆ ದೂರ ಹೋಗ್ತಿತ್ತು. ಇಂಗ್ಲಿಷ್ನೋರು ಹೊತ್ಕೊಂಡು ಹೋಗಿ ಕಾಂಗ್ರೀವ್ ರಾಕೆಟ್ ಮಾಡಿದ್ರು.

ಕುಕ್ಕರಹಳ್ಳಿ ಕೊಕ್ಕರೆ

ಶ್ರೀರಂಗಪಟ್ಟಣದಲ್ಲಿ ಇಳಿದರೆ ರಂಗನತಿಟ್ಟು ಆಟೊ ದೂರ. ಸಾಲಿಂ ಅಲಿ ಅವರ ಸಲಹೆಯ ಮೇಲೆ 1940ರಲ್ಲಿ ಪಕ್ಷಿಧಾಮ ಆಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಗೂಡಿನ ಕಾಲ ಡಿಸೆಂಬರಿನಿಂದ ಜೂನ್. ಮುಂಗಾರಿನಲ್ಲಿ ಕೆಆರ್‌ಎಸ್ 124.80 ಅಡಿ ಮುಟ್ಟಿ ನೀರು ಹೊರಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಹೊರಡುವ ದಿನ ಪತ್ರಿಕೆಯಲ್ಲಿ ಜಲಾಶಯದ ಮಟ್ಟ, ಹೊರಹರಿವು ನೋಡಿಕೊಳ್ಳಿ. ಆದರೆ ಬೆಟ್ಟ, ಓಲೆಗರಿ, ಫಾರಂ, ರಂಗನತಿಟ್ಟು ನಾಲ್ಕೂ ಒಂದೇ ಸೋಮವಾರಕ್ಕೆ ಆಗುವುದಿಲ್ಲ. ಎರಡು ಆರಿಸಿ.

ಲೆಕ್ಕಪತ್ರ

ತಿರುಗಾಟದ ಮಧ್ಯೆ ಕಾಗದ ಮರೆಯಬೇಡಿ. ನೋಂದಣಿ ರಶೀದಿ ನಿಮ್ಮ ಹೆಸರಿನಲ್ಲಿರಬೇಕು, ವಿದ್ಯಾರ್ಥಿ ದರವೋ ಪೂರ್ತಿ ದರವೋ ಸ್ಪಷ್ಟವಿರಬೇಕು. ಪ್ರವಾಸದ ಅನುಮತಿ ಆದೇಶದ ದಿನಾಂಕ ಟಿಕೆಟ್ ಕೊಂಡ ದಿನಕ್ಕಿಂತ ಹಿಂದಿನದಾಗಿರಲಿ. ತಿರುಗುಮುರುಗಾದರೆ ಲೆಕ್ಕಪರಿಶೋಧನೆಯವರು ಅಲ್ಲೇ ನಿಲ್ಲಿಸುತ್ತಾರೆ. ಅನುಮತಿಯಲ್ಲಿ ಸೋಮವಾರ ಸೇರಿಲ್ಲವಾದರೆ ಅವತ್ತಿಗೆ ರಜೆ ಹಾಕಿ, ಆ ದಿನದ ಭತ್ಯೆ ಕೇಳಬೇಡಿ. ಭಾಗವಹಿಸಿದ ಪ್ರಮಾಣಪತ್ರವನ್ನು ಭಾನುವಾರ ಸಮಾರೋಪಕ್ಕೆ ಮುಂಚೆಯೇ ಕೈಗೆ ತೆಗೆದುಕೊಂಡು, ಹೆಸರಿನ ಇನಿಷಿಯಲ್ ರಶೀದಿಯ ಹಾಗೇ ಇದೆಯೇ ನೋಡಿ. ಮಾತಿಗೆ ಒಂದು, ಪೋಸ್ಟರಿಗೆ ಒಂದು, ಎರಡು ಪ್ರಮಾಣಪತ್ರ. ಒಂದರಲ್ಲೇ ಎರಡೂ ಬರೆದು ಕೊಟ್ಟರೆ ಬೇರೆ ಬೇರೆ ಕೇಳಿ.

ಬಿತ್ತನೆಬೀಜ

ಎಲ್ಲರಿಗೂ ಶರಣ್ರಿ. ಹಿಂಗ್ ಮಾಡ್ತೀವಿ: ಶುಕ್ರವಾರ ರಾತ್ರಿ ಸರಸ್ವತಿಪುರಂ. ಎರಡೂ ಬೆಳಿಗ್ಗೆ ಕೆರೆ. ಭಾನುವಾರ ಸಂಜೆ ಮಾರುಕಟ್ಟೆ, ದೀಪ. ಸೋಮವಾರ ಬೆಟ್ಟ ಬಿಟ್ಟು ಓಲೆಗರಿ ಮನೆ, ಆಮೇಲೆ ಮಂಡ್ಯ ಫಾರಂ, ಅಲ್ಲಿಂದಲೇ ಬೆಂಗಳೂರು. ಸಿಎಫ್‌ಟಿಆರ್‌ಐಗೂ ಫಾರಂಗೂ ಇವತ್ತೇ ಮೇಲ್ ಹಾಕ್ತೀನಿ, ಯಾವುದು ಮೊದಲು ಉತ್ತರ ಕೊಡತೈತಿ ಅದು. ಸೋಮವಾರ ಕೋಣೆ ಬಿಟ್ಟ ಮೇಲೆ ಚೀಲ ಎಲ್ಲಿಡೋದು?

ಗಂಗೋತ್ರಿ ಹಳಬ

ಮೈಸೂರು ನಿಲ್ದಾಣದ ಕ್ಲೋಕ್ ರೂಮ್. ಚೀಲಕ್ಕೆ ಬೀಗ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ, ಅವತ್ತಿನ ರೈಲು ಟಿಕೆಟ್ ಕೇಳುತ್ತಾರೆ. ಬೀಗ ಊರಿಂದಲೇ ತನ್ನಿ. ಪೋಸ್ಟರ್ ಬಟ್ಟೆಯದಾದರೆ ಅದರೊಳಗೇ ಹೋಗುತ್ತದೆ, ಕೊಳವೆಯಾದರೆ ಅದನ್ನು ಬೇರೆ ಸಾಮಾನು ಎಂದು ಎಣಿಸುತ್ತಾರೆ.

ಆಲೆಮನೆ

ಮಂಡ್ಯದಲ್ಲಿ ಇಳಿಯೋದಾದ್ರೆ ಕ್ಲೋಕ್ ರೂಮ್‌ನಲ್ಲಿ ಇಟ್ ಬರ್ಬೇಡಿ ಕಣಕ್ಕ, ಮತ್ತೆ ಮೈಸೂರ್‌ಗೆ ವಾಪಸ್ ಹೋಗ್ಬೇಕಾಯ್ತದೆ. ಚೀಲ ಜೊತೆಲೇ ತನ್ನಿ. ಮಂಡ್ಯ ಬಿಟ್ಟು ಬೆಂಗ್ಳೂರ್ ಕಡೆ ಹೋಗುವಾಗ ಮದ್ದೂರ್ ಹತ್ರ ರೈಲಿಗೆ ವಡೆ ಬತ್ತದೆ. ರವೆ, ಮೈದಾ, ಅಕ್ಕಿಹಿಟ್ಟಿಗೆ ಈರುಳ್ಳಿ ಕಲ್ಸಿ ಚಪ್ಪಟೆ ತಟ್ಟಿದ್ದು. ಬಿಸಿ ಇದ್ರೆ ತಗೊಳ್ಳಿ, ಇಲ್ದಿದ್ರೆ ಮುಂದಿನ್ ಬುಟ್ಟಿಗೆ ಕಾಯಿರಿ.